ಮಿದುಳಿಗೂ ಹದಿಹರೆಯ!

ಹಲವು ವರ್ಷಗಳ ಹಿಂದಿನ ಮಾತು. ಹತ್ತನೇ ತರಗತಿಯ ಮೊದಲ ಪೀರಿಯಡ್. ಹಿಂದಿನ ಬೆಂಚಿನ ಹುಡುಗನೊಬ್ಬ ತೂಕಡಿಸುತ್ತಿದ್ದ. 'ರಾತ್ರಿಯೆಲ್ಲ ಏನು ಕಡಿದು ಕಟ್ಟೆ ಹಾಕಿದ್ಯೋ?' ಎಂದು ಎಲ್ಲರೆದುರು ಗದರಿ ನಿಲ್ಲಿಸಿದೆ. ಗಂಟೆ ಬಾರಿಸುವವರೆಗೂ ತಲೆ ತಗ್ಗಿಸಿ ನಿಂತೇ ಇದ್ದ. ಆ ದಿನ ನಾನು ಮಾಡುತ್ತಿದ್ದ ಪಾಠ, ಮಾನವನ ಮಿದುಳು!

ಮಹಾಮಸ್ತಿಷ್ಕ, ಅನುಮಸ್ತಿಷ್ಕ ಎಂದು ಚಿತ್ರ ಬರೆದು ಭಾಗ ಗುರುತಿಸಿದರೆ ನಮ್ಮ ಪಾಠ ಮುಗಿಯುತ್ತಿತ್ತು. ಆ ಮಿದುಳಿಗೆ ವಯಸ್ಸೆಷ್ಟು ಎಂದು ನಾವು ಕೇಳಿದವರಲ್ಲ. ಮಗುವಿಗೆ ಆರು ತುಂಬುವಷ್ಟರಲ್ಲಿ ಮಿದುಳಿನ ಗಾತ್ರ ದೊಡ್ಡವರದರ ಶೇ. 90ರಷ್ಟಾಗಿರುತ್ತದೆ. ಅಲ್ಲಿಗೆ ಬೆಳವಣಿಗೆ ಬಹುಮಟ್ಟಿಗೆ ಮುಗಿಯಿತೆಂದೇ ಬಹಳ ಕಾಲ ತಿಳಿಯಲಾಗಿತ್ತು. 1999ರಲ್ಲಿ ಅಮೆರಿಕದ ಜೇ ಗೀಡ್ ಮತ್ತು ಸಂಗಡಿಗರು ಎಂಆರ್‌ಐ ಚಿತ್ರಗಳಿಂದ ಕಂಡದ್ದು ಬೇರೆಯೇ. ಹಣೆಯ ಹಿಂದಿನ ಭಾಗದ ಬೂದು ದ್ರವ್ಯ ಹುಡುಗಿಯರಲ್ಲಿ ಸುಮಾರು 11, ಹುಡುಗರಲ್ಲಿ 12ನೇ ವಯಸ್ಸಿನವರೆಗೆ ಹೆಚ್ಚುತ್ತ ಹೋಗಿ, ಆಮೇಲೆ ಇಳಿಯುತ್ತದೆ!

ಇಳಿದರೆ ನಷ್ಟವೆ? ರಾಗಿ ಹೊಲಕ್ಕೆ ಕುಂಟೆ ಹೊಡೆದು ಒತ್ತಾದ ಪೈರು ತೆಗೆಯುವುದಿಲ್ಲವೆ, ಹಾಗೆ. ಬಳಕೆಯಿಲ್ಲದ ನರಸಂಪರ್ಕಗಳು ಕಳಚುತ್ತವೆ. ಉಳಿದ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿ ಸಂದೇಶದ ಓಟ ಚುರುಕಾಗುತ್ತದೆ. ಈ ಕೆಲಸ ಹಿಂದಲೆಯಿಂದ ಮುಂದಕ್ಕೆ ಸಾಗುತ್ತದೆ. ದುಡುಕದಂತೆ ತಡೆಯುವ, ಹಿಂದುಮುಂದು ಯೋಚಿಸುವ ಹಣೆಯ ಭಾಗದ ಸರದಿ ಕೊನೆಗೆ. ಅದು ಮುಗಿಯುವುದು 25ರ ಆಸುಪಾಸಿನಲ್ಲಿ. ಕೋಪ, ಭಯ, ಆಸೆಗಳ ಕೇಂದ್ರಗಳಾದರೋ ಅದಕ್ಕೆ ಬಹಳ ಮೊದಲೇ ಚುರುಕಾಗಿರುತ್ತವೆ.

ಇನ್ನು ನಿದ್ದೆ. ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುವ ಮೆಲಟೋನಿನ್ ಹಾರ್ಮೋನು ಈ ವಯಸ್ಸಿನಲ್ಲಿ ತಡವಾಗಿ ಸ್ರವಿಸುತ್ತದೆ. ಬೇಗ ಮಲಗೆಂದರೂ ನಿದ್ದೆ ಸುಳಿಯದು. ಬೇಕಾದದ್ದೋ 8ರಿಂದ 10 ಗಂಟೆ ನಿದ್ದೆ. ನಾವು ಎಸ್ಸೆಸ್ಸೆಲ್ಸಿಯ ಹೆಸರಿನಲ್ಲಿ ಬೆಳಗಿನ ಏಳೂವರೆಗೇ ಸ್ಪೆಷಲ್ ಕ್ಲಾಸ್ ಇಡುತ್ತೇವೆ. (ನಾನೂ ಇಟ್ಟವನೇ.)

ಹಾಗೆಂದು ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದೂ ಅಪಾಯ. ದೊಡ್ಡವರಲ್ಲಿ ಕಾಣುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು ಶುರುವಾಗುವುದು 18 ತುಂಬುವ ಮೊದಲೇ. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಊಟ-ನಿದ್ದೆ ಕೆಟ್ಟರೆ, ಪ್ರಾಣವಾಗಿದ್ದ ಕ್ರಿಕೆಟ್ಟೂ ಬೇಡವಾದರೆ ವೈದ್ಯರಿಗೆ ತೋರಿಸಬೇಕು. 'ನಾನಿದ್ದು ಏನಾಗಬೇಕು' ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಾನು ನಿಲ್ಲಿಸಿದ್ದ ಹುಡುಗನ ತಾಯಿ ಎರಡು ತಿಂಗಳ ಬಳಿಕ ಶಾಲೆಗೆ ಬಂದರು. 'ರಾತ್ರಿ ಮಲಗೋದೇ ಇಲ್ಲ ಸಾರ್, ಗೋಡೆ ನೋಡ್ತಾ ಕೂತಿರ್ತಾನೆ' ಎಂದರು. ಮನೋವೈದ್ಯರ ಚಿಕಿತ್ಸೆಯಾಯಿತು, ಪರೀಕ್ಷೆಯನ್ನು ಮರುವರ್ಷ ಬರೆದು ಪಾಸಾದ. ಈಚೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ನಮಸ್ಕರಿಸಿದ. ಆ ಪೀರಿಯಡ್ಡಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.