ಪುಚ್ಚೆಯ ಬಾಯಾರಿಕೆ

ಅತ್ತೆಯ ಮನೆಯ ಬಚ್ಚಲಿನ ಹಿಂದೆ ಒಂದು ಕಲ್ಲಿನ ಮರಿಗೆ ಇದೆ. ಹಿಂದೆ ದನಗಳಿಗೆ ಅದರಲ್ಲೇ ಅಕ್ಕಚ್ಚು. ಮಳೆಗಾಲದಲ್ಲಿ ತಾನಾಗಿ ತುಂಬುತ್ತದೆ, ಬೇಸಿಗೆಯಲ್ಲಿ ಯಾರಾದರೂ ನೆನಪಿಟ್ಟು ನೀರು ಹೊಯ್ಯಬೇಕು. ಆ ಮಾರ್ಚ್ ತಿಂಗಳ ಬೆಳಿಗ್ಗೆ ನಾನು ಹಲ್ಲುಜ್ಜಲು ಹೋದಾಗ ಮನೆಯ ಮುದಿ ಬೆಕ್ಕು ಮರಿಗೆಯ ಅಂಚಿಗೆ ಮುಂಗಾಲೂರಿ ನೀರು ಕುಡಿಯುತ್ತಿತ್ತು. ಹಲ್ಲುಜ್ಜಿ, ಮುಖ ತೊಳೆದು, ಬೈರಾಸಿನಲ್ಲಿ ಒರೆಸಿಕೊಂಡು ತಿರುಗಿದರೂ ಅದರ ನಾಲಗೆ ನಿಂತಿರಲಿಲ್ಲ.

‘ಸೆಕೆಯಲ್ವಾ, ಅದಕ್ಕೂ ಬಾಯಾರುತ್ತದೆ’ ಎಂದರು ಅತ್ತೆ.

ಬೆಕ್ಕಿಗೆ ಹದಿನಾಲ್ಕು ವರ್ಷ. ಹೆಸರೇನೂ ಇಲ್ಲ. ತುಳುವಿನಲ್ಲೂ ಹವ್ಯಕರ ಮಾತಿನಲ್ಲೂ ಬೆಕ್ಕು ಅಂದರೆ ಪುಚ್ಚೆ. ಇದನ್ನೂ ಎಲ್ಲರೂ ಹಾಗೇ ಕರೆಯುತ್ತಿದ್ದರು, ಅದೂ ಓಗೊಡುತ್ತಿತ್ತು. ಅಂದು ಮಧ್ಯಾಹ್ನ ಚಾವಡಿಯ ಮೂಲೆಯಲ್ಲಿ ಪುಚ್ಚೆ ಹೊಟ್ಟೆ ಹಿಂಡಿ ಹಿಂಡಿ ಬಿಳಿ ನೊರೆ ಕಾರಿತು. ‘ಕೂದಲು ಸಿಕ್ಕಿರಬೇಕು’ ಎಂದು ಅತ್ತೆ ಗೋಣಿತಾಟಿನಿಂದ ಒರೆಸಿ ಒಳಗೆ ಹೋದರು. ಸೆಕೆಗೆ ಬಾಯಾರಿಕೆ, ಕೂದಲಿಗೆ ವಾಂತಿ. ಎರಡಕ್ಕೂ ಕಾರಣ ಸಿಕ್ಕಿಬಿಟ್ಟಿತ್ತು. ಎರಡೂ ತಪ್ಪೆಂದು ಗೊತ್ತಾಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ಆರೋಗ್ಯವಾಗಿರುವ ಬೆಕ್ಕು ನೀರು ಕುಡಿಯುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ? ನಾಯಿ ಲೊಚಲೊಚ ಕುಡಿಯುತ್ತದೆ, ದನ ಬಕೆಟ್ಟನ್ನೇ ಎತ್ತುತ್ತದೆ. ಬೆಕ್ಕು ಯಾವಾಗ ಕುಡಿಯಿತೋ ಯಾರಿಗೂ ಗೊತ್ತಿರುವುದಿಲ್ಲ. ಅದರ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಸೀಮೆಯ ಕಾಡುಬೆಕ್ಕು. ಇಲಿಯ ಮೈಯಲ್ಲೇ ಮುಕ್ಕಾಲು ಪಾಲಿಗೆ ಹತ್ತಿರ ನೀರಿರುತ್ತದೆ, ಆ ಬೆಕ್ಕಿಗೆ ಅಷ್ಟು ಸಾಕಿತ್ತು. ಸಿಕ್ಕ ನೀರನ್ನು ಹಿಂಡಿ ಉಳಿಸಿಕೊಂಡು ಕಷಾಯದಷ್ಟು ಗಟ್ಟಿ ಮೂತ್ರ ಹೊರಬಿಡುವ ಕಿಡ್ನಿ ಅದರದು. 1959ರಲ್ಲಿ ಅಮೆರಿಕದ ಸಂಶೋಧಕರು ಬೆಕ್ಕುಗಳಿಗೆ ಸಮುದ್ರದ ನೀರು ಕುಡಿಸಿ ನೋಡಿದರು, ಅವು ತಡೆದುಕೊಂಡವು. ನಾವು ಪಣಂಬೂರಿನ ಕಡಲಿನ ಎರಡು ಲೋಟ ಕುಡಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇಂಥ ಪ್ರಾಣಿ ಮರಿಗೆ ಬಿಟ್ಟು ಕದಲುವುದಿಲ್ಲ ಎಂದಾದರೆ ಅದನ್ನು ಸೆಕೆಯ ಲೆಕ್ಕಕ್ಕೆ ಬರೆಯುವಂತಿಲ್ಲ.

ಬೆಕ್ಕಿನ ಒಂದೊಂದು ಕಿಡ್ನಿಯಲ್ಲಿ ಹೆಚ್ಚುಕಡಿಮೆ ಎರಡು ಲಕ್ಷ ನೆಫ್ರಾನ್‌ಗಳು, ಅಂದರೆ ರಕ್ತ ಸೋಸುವ ಸೂಕ್ಷ್ಮ ಜಾಲರಿಗಳು. ಮನುಷ್ಯನಿಗೆ ಅದರ ಐದು ಪಟ್ಟು. ವಯಸ್ಸಾದಂತೆ ಇವು ಒಂದೊಂದಾಗಿ ಸಾಯುತ್ತವೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಮೂರರಲ್ಲಿ ಎರಡು ಪಾಲು ಹೋದಾಗ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಕೈಕೊಡುತ್ತದೆ, ನೀರು ಸೋರತೊಡಗುತ್ತದೆ. ಸೋರಿದ್ದನ್ನು ತುಂಬಲು ಬೆಕ್ಕು ಕುಡಿಯುತ್ತದೆ. ಜಾಸ್ತಿ ಕುಡಿದದ್ದಕ್ಕೆ ಜಾಸ್ತಿ ಮೂತ್ರ ಎಂದು ನಾವು ತಿಳಿಯುತ್ತೇವೆ, ನಡೆಯುವುದು ತಿರುವುಮುರುವು: ಕೊಡ ತೂತಾಗಿದೆ, ಅದಕ್ಕೇ ಬಾವಿಗೆ ಮತ್ತೆ ಮತ್ತೆ ಹೋಗಬೇಕಾಗಿದೆ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸ ಏರಿದ್ದು ಕಾಣಲು ನೆಫ್ರಾನ್‌ಗಳ ಮುಕ್ಕಾಲು ಪಾಲು ಹೋಗಬೇಕು. ಹಾಗಾಗಿ ಮರಿಗೆಯ ಹತ್ತಿರ ನಿಂತವರಿಗೆ ಪ್ರಯೋಗಾಲಯಕ್ಕಿಂತ ಮೊದಲೇ ಸುದ್ದಿ ತಿಳಿಯಬಹುದು.

ಅತ್ತೆ ಇನ್ನೊಂದು ಮಾತು ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ‘ಈಗೀಗ ಸೌದೆಕೊಟ್ಟಿಗೆಯಲ್ಲಿ ಬೆಕ್ಕಿನ ಉಚ್ಚೆಯ ನಾತವೇ ಇಲ್ಲ, ಒಳ್ಳೇದಾಯಿತು.’ ನೀರಿನಂತೆ ತೆಳುವಾದ ಮೂತ್ರಕ್ಕೆ ನಾತ ಎಲ್ಲಿಂದ ಬರಬೇಕು?

ಅತ್ತೆಯ ಊರು ಕೊಯಿಲ, ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೋಗುವ ದಾರಿಯಲ್ಲಿ ಆತೂರಿನ ಬಳಿ. ಮೊದಲು ಪುತ್ತೂರು ತಾಲೂಕು, ಈಗ ಕಡಬ. ಊರ ಹೆಸರು ಹೇಳಿದರೆ ಸುತ್ತಲಿನವರಿಗೆ ನೆನಪಾಗುವುದು ಫಾರ್ಮು: ಗುಡ್ಡದ ಮೇಲೆ ಹರಡಿದ ಸರಕಾರಿ ಜಾನುವಾರು ಕ್ಷೇತ್ರ, ಮಲೆನಾಡು ಗಿಡ್ಡ ತಳಿಯ ಪುಟ್ಟ ದನಗಳು, ಮಳೆ ಬಿದ್ದೊಡನೆ ಹಸಿರಾಗುವ ಹುಲ್ಲುಗಾವಲು. ಪಶುವೈದ್ಯಕೀಯ ಕಾಲೇಜಿಗೆಂದು ಅಲ್ಲೇ ಕಟ್ಟಡಗಳೂ ಎದ್ದವು. ದನದ ವಿಷಯದಲ್ಲಿ ಇಲ್ಲಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೆಚ್ಚಲು ಬಾವೋ, ಕರು ಅಡ್ಡ ಬಿತ್ತೋ, ಯಾವ ಡಾಕ್ಟ್ರಿಗೆ ಯಾವ ಹೊತ್ತಿಗೆ ಫೋನು ಮಾಡಬೇಕೆಂದು ಅತ್ತೆಗೆ ಬಾಯಿಪಾಠ. ಬೆಕ್ಕಿಗೆ ಡಾಕ್ಟ್ರು ಎಂದಾಗ ಮಾತ್ರ ಅದೇ ಅತ್ತೆ ನಕ್ಕುಬಿಟ್ಟರು.

ನಕ್ಕದ್ದರಲ್ಲಿ ಅವರ ತಪ್ಪಿಲ್ಲ. ಈ ಕಡೆ ಬೆಕ್ಕುಗಳು ಮುದಿಯಾಗುತ್ತಿದ್ದದ್ದೇ ಅಪರೂಪ. ಕೊಳಕುಮಂಡಲ ಕಚ್ಚಿಯೋ, ನಾಯಿಯ ಬಾಯಿಗೆ ಸಿಕ್ಕಿಯೋ, ರಸ್ತೆಯಲ್ಲಿ ಜೀಪಿನ ಅಡಿಗಾಗಿಯೋ ಐದಾರು ವರ್ಷದಲ್ಲಿ ಕತೆ ಮುಗಿಯುತ್ತಿತ್ತು. ಅದೂ ಅಲ್ಲದಿದ್ದರೆ ಒಂದು ದಿನ ಕಾಣೆ. ‘ಬೆಕ್ಕು ಮನೆಯೊಳಗೆ ಸಾಯುವುದಿಲ್ಲ’ ಎಂಬ ಮಾತನ್ನು ಅಜ್ಜಿ ಬಾಯಿಂದ ನಾನೂ ಕೇಳಿದ್ದೇನೆ, ಅದರಲ್ಲೊಂದು ದೊಡ್ಡತನವೂ ಕಾಣುತ್ತಿತ್ತು. ಈಗ ಅನ್ನಿಸುವುದು ಬೇರೆ. ಮೈಗೆ ಹುಷಾರಿಲ್ಲದ ಬೆಕ್ಕು ಅಡಗುತ್ತದೆ. ಹಾಗೆ ಅಡಿಕೆ ತೋಟದ ಕಣಿಯಲ್ಲಿ, ಹಟ್ಟಿಯ ಅಟ್ಟದಲ್ಲಿ ಹೋಗಿ ಮಲಗಿದ ಎಷ್ಟೋ ಪುಚ್ಚೆಗಳು ಇದೇ ಕಿಡ್ನಿಯ ಕಾಯಿಲೆಯವು ಆಗಿರಬಹುದು. ನಾವು ಅವುಗಳ ನೀರಿನ ಲೆಕ್ಕ ಇಟ್ಟಿರಲಿಲ್ಲ, ಅಷ್ಟೇ.

ಮೇ ಹೊತ್ತಿಗೆ ವಾಂತಿ ವಾರಕ್ಕೆ ಎರಡು ಸಲ ಇದ್ದದ್ದು ದಿನ ಬಿಟ್ಟು ದಿನವಾಯಿತು. ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ನೊರೆ, ಒಮ್ಮೊಮ್ಮೆ ಹಳದಿ ಪಿತ್ತ. ಕೂದಲುಂಡೆ ಬಂದದ್ದು ಒಂದೇ ಬಾರಿ. ಮೀನು ಮಾರುವವನ ಹಾರ್ನ್ ಕೇಳಿ ಗೇಟಿಗೆ ಓಡುತ್ತಿದ್ದ ಬೆಕ್ಕು ಈಗ ಬೂತಾಯಿಯ ತಲೆಯನ್ನು ಮೂಸಿ, ತುಟಿ ನೆಕ್ಕಿಕೊಂಡು, ಹಿಂದೆ ಸರಿಯುತ್ತಿತ್ತು. ಹಾಗೆ ಬರಿದೇ ತುಟಿ ನೆಕ್ಕುವುದು ಹೊಟ್ಟೆ ತೊಳಸುವುದರ ಗುರುತು. ಕಿಡ್ನಿ ಹೊರಹಾಕದೆ ಉಳಿದ ಕಸ ರಕ್ತದಲ್ಲಿ ಸುತ್ತುತ್ತ ಮೆದುಳಿನ ವಾಂತಿಯ ಗುಂಡಿಯನ್ನು ಒತ್ತುತ್ತಿರುತ್ತದೆ. ಬಾಯಲ್ಲಿ ಹುಣ್ಣಾಗುತ್ತದೆ, ಉಸಿರಿಗೆ ಅಮೋನಿಯಾದ ವಾಸನೆ ಬರುತ್ತದೆ. ಬೆನ್ನು ಸವರಿದರೆ ಅತ್ತೆಯ ಕೈಗೆ ಮೂಳೆಯ ಗಂಟುಗಳು ಜಪಮಣಿಯ ಹಾಗೆ ಸಿಗತೊಡಗಿದವು.

ಆಗ ನೆರೆಕರೆಯವರೊಬ್ಬರ ಸಲಹೆ ಬಂತು: ‘ಕುಡಿದದ್ದಕ್ಕೇ ಕಾರುವುದು, ನೀರು ಕೊಡಬೇಡಿ.’ ಮರಿಗೆಗೆ ಹಲಗೆ ಮುಚ್ಚಲಾಯಿತು. ಅಂದು ಸಂಜೆ ಪುಚ್ಚೆ ಬಚ್ಚಲಿನ ನಲ್ಲಿಯ ಕೆಳಗೆ ಕೂತು ಬೀಳುವ ಹನಿಗೆ ನಾಲಗೆ ಚಾಚುತ್ತಿತ್ತು. ಕಿಡ್ನಿ ಕಾಯಿಲೆಯ ಬೆಕ್ಕಿಗೆ ಮಾಡಬಹುದಾದ ಅತಿ ಕೆಟ್ಟ ಉಪಕಾರ ಇದು. ಸೋರುವುದು ನಿಲ್ಲುವುದಿಲ್ಲ, ತುಂಬುವುದು ಮಾತ್ರ ನಿಂತು ಒಂದೇ ದಿನದಲ್ಲಿ ಮೈ ಒಣಗುತ್ತದೆ. ಮೈ ಒಣಗಿದರೆ ಉಳಿದ ನೆಫ್ರಾನ್‌ಗಳಿಗೂ ರಕ್ತ ಕಡಿಮೆ.

ಇದಕ್ಕಿಂತ ಕೆಟ್ಟದ್ದು ಒಂದಿದೆ, ಅದು ನಮ್ಮಲ್ಲಿ ಆಗಲಿಲ್ಲ. ಬೆಕ್ಕು ಮಂಕಾಗಿದೆ, ಜ್ವರವಿರಬೇಕೆಂದು ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಅದನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಪಿತ್ತಜನಕಾಂಗದಲ್ಲಿ ಹೆಸರಿಗಷ್ಟೇ ಇದೆ. ನಾವು ಮಕ್ಕಳಿಗೆ ಕೊಡುವ ಅರ್ಧ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಮೈಕೈ ನೋವಿಗೆ ನಾವು ನುಂಗುವ ಮಾತ್ರೆಗಳು ಕಿಡ್ನಿಗೆ ಬೇರೆ ಏಟು ಕೊಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಜಜ್ಜಿ ಹಾಕಿದ ಮನೆಮದ್ದು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ನಾನು ಮಾಡಿದ್ದು ಇಷ್ಟೇ: ನೀರು ಅಳೆದೆ. ಪುಚ್ಚೆಯನ್ನು ಒಂದು ದಿನ ಉಗ್ರಾಣದಲ್ಲಿ ಕೂಡಿಹಾಕಿ 500 ಮಿಲಿಲೀಟರ್ ನೀರಿನ ಬೋಗುಣಿ ಇಟ್ಟೆ. ಅಂಥದೇ ಇನ್ನೊಂದು ಬೋಗುಣಿಯನ್ನು ಪಕ್ಕದಲ್ಲಿ ಕುಕ್ಕೆ ಮುಚ್ಚಿ ಇಟ್ಟೆ, ಸೆಕೆಗೆ ಆರುವುದೆಷ್ಟು ಎಂದು ತಿಳಿಯಲು. ಆರಿದ್ದನ್ನು ಕಳೆದರೆ ಪುಚ್ಚೆ ಕುಡಿದದ್ದು 340. ಅದರ ತೂಕ ಮೂರು ಕಿಲೋ ಕೂಡ ಇರಲಿಲ್ಲ. ಒಂದು ಕಿಲೋ ತೂಕಕ್ಕೆ ದಿನಕ್ಕೆ 50 ಮಿಲಿಲೀಟರ್ ಆಸುಪಾಸು ಸಹಜ, 100 ದಾಟಿದರೆ ಕಾಯಿಲೆ ಎಂಬುದು ಪಶುವೈದ್ಯರ ಲೆಕ್ಕ.

ಕಾಯಿಲೆ ಎಂದರೆ ಕಿಡ್ನಿಯದೇ ಆಗಬೇಕೆಂದಿಲ್ಲ. ಮುದಿ ಬೆಕ್ಕಿಗೆ ಸಕ್ಕರೆ ಕಾಯಿಲೆಯೂ ಬರುತ್ತದೆ, ಮೂತ್ರಕ್ಕೆ ಇರುವೆ ಮುತ್ತಿದರೆ ನಮ್ಮ ಹಿರಿಯರಂತೆಯೇ ಸಂಶಯಪಡಬಹುದು. ಗಬಗಬ ತಿಂದೂ ಸೊರಗುತ್ತಿದ್ದರೆ ಥೈರಾಯ್ಡ್ ನೋಡಬೇಕು. ಬೆಕ್ಕುಗಳಲ್ಲಿ ಅದನ್ನು ನ್ಯೂಯಾರ್ಕಿನ ವೈದ್ಯರು ಗುರುತಿಸಿ ಬರೆದದ್ದೇ 1979ರಲ್ಲಿ. ಸಂತಾನಹರಣ ಮಾಡಿಸದ ಹೆಣ್ಣು ಬೆಕ್ಕಿನ ಗರ್ಭಕೋಶದಲ್ಲಿ ಕೀವು ತುಂಬಿದರೂ ಬಾಯಾರಿಕೆ, ವಾಂತಿ ಎರಡೂ ಬರುತ್ತವೆ, ಅಲ್ಲಿ ಕಾಯಲು ಹೊತ್ತಿರುವುದಿಲ್ಲ. ಹೊರಗಿನಿಂದ ನೋಡಿ ಇವನ್ನೆಲ್ಲ ಬಿಡಿಸಲಾಗದು. ಅದಕ್ಕೇ ಪುಚ್ಚೆ ತರಕಾರಿ ಬುಟ್ಟಿಯೊಳಗೆ, ಮೇಲೊಂದು ಬುಟ್ಟಿ ಬೋರಲಾಗಿ, ಹಗ್ಗ ಬಿಗಿದು, ಆಟೋದಲ್ಲಿ ಹೊರಟಿತು. ದಾರಿಯುದ್ದಕ್ಕೂ ಅದರ ಕೂಗು, ಅತ್ತೆಯ ಸಮಾಧಾನ ತುಳುವಿನಲ್ಲಿ.

ಡಾಕ್ಟ್ರು ಕುತ್ತಿಗೆಯ ಹಿಂದಿನ ಚರ್ಮ ಎಳೆದು ಬಿಟ್ಟರು. ಅದು ಗುಡಾರದ ಹಾಗೆ ನಿಂತುಕೊಂಡಿತು, ನಿಧಾನಕ್ಕೆ ಇಳಿಯಿತು. ರಕ್ತದ ವರದಿಯಲ್ಲಿ ಕ್ರಿಯಾಟಿನಿನ್ 4.1. ಈ ಕಾಯಿಲೆಯನ್ನು ಜಗತ್ತಿನಾದ್ಯಂತ ಪಶುವೈದ್ಯರು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ, 2.9ರಿಂದ 5ರವರೆಗೆ ಮೂರನೆಯದು. ‘ಗುಣ ಆಗುವುದಿಲ್ಲ. ಒಳ್ಳೆಯ ದಿನಗಳನ್ನು ಉದ್ದ ಮಾಡಬಹುದು’ ಎಂದರು. ರಕ್ತದೊತ್ತಡವನ್ನೂ ನೋಡಿದರು. ಕಿಡ್ನಿ ಸೋತ ಬೆಕ್ಕಿಗೆ ಒತ್ತಡ ಏರಿ ಅಕ್ಷಿಪಟಲ ಕಳಚಿ ಒಂದೇ ರಾತ್ರಿಯಲ್ಲಿ ಕಣ್ಣು ಹೋಗುವುದುಂಟಂತೆ.

ಆಮೇಲಿನದನ್ನು ನಾನು ಮರೆಯಲಾರೆ. ಚಾವಡಿಯ ಅಡ್ಡದಲ್ಲಿ ಬಾಳೆಗೊನೆ ತೂಗುವ ಕೊಕ್ಕೆಯಿದೆ. ಅದಕ್ಕೆ ರಿಂಗರ್ ಲ್ಯಾಕ್ಟೇಟ್ ಬಾಟಲಿ ಸಿಕ್ಕಿಸಿ, ಬಾಟಲಿಯನ್ನು ಮೊದಲೇ ಉಗುರುಬೆಚ್ಚಗಿನ ನೀರಲ್ಲಿಟ್ಟು ತಣುಪು ಬಿಡಿಸಿ, ಅತ್ತೆ ಕಾಲು ನೀಡಿ ಕೂರುತ್ತಿದ್ದರು. ಪುಚ್ಚೆ ಮಡಿಲಲ್ಲಿ. ಎಡಗೈಯಲ್ಲಿ ಹೆಗಲ ಚರ್ಮ ಎತ್ತಿ ಬಲಗೈಯಲ್ಲಿ ಸೂಜಿ ಚುಚ್ಚುವುದನ್ನು ಎರಡೇ ಸಲ ನೋಡಿ ಕಲಿತರು. ಕರುವಿನ ಬಾಯಿಗೆ ಗೊಟ್ಟದಲ್ಲಿ ಮದ್ದು ಹೊಯ್ದ ಕೈಯದು. ಹತ್ತು ನಿಮಿಷದಲ್ಲಿ ನೂರು ಮಿಲಿಲೀಟರ್ ಚರ್ಮದಡಿ ಇಳಿದು ಬೆನ್ನ ಮೇಲೆ ಒಂಟೆಯ ಡುಬ್ಬದಂತೆ ಉಬ್ಬುತ್ತಿತ್ತು. ಎದ್ದು ನಡೆದರೆ ಡುಬ್ಬ ಜಾರಿ ಮುಂಗಾಲಿಗೆ ಇಳಿಯುತ್ತಿತ್ತು. ರಾತ್ರಿಯೊಳಗೆ ಮೈ ಅದನ್ನೆಲ್ಲ ಹೀರಿಕೊಂಡು ಬೆಳಿಗ್ಗೆ ಪುಚ್ಚೆ ಮೀನಿಗೆ ಕೂಗುತ್ತಿತ್ತು. ಎಲ್ಲ ಬೆಕ್ಕಿಗೂ ಇದು ಹೊಂದುವುದಿಲ್ಲ. ಹೃದಯ ಸರಿಯಿಲ್ಲದ ಬೆಕ್ಕಿಗೆ ಇದೇ ನೀರು ಮುಳುವಾಗಬಹುದು, ಎಷ್ಟು, ಯಾವಾಗ ಎಂಬುದನ್ನು ಡಾಕ್ಟ್ರೇ ಹೇಳಬೇಕು. ವಾಂತಿಗೆ ಬೇರೆ ಮದ್ದಿತ್ತು.

ಜಗಳ ಬಂದದ್ದು ಊಟಕ್ಕೆ. ಕಿಡ್ನಿ ಕಾಯಿಲೆಗೆಂದೇ ರಂಜಕ ಕಡಿಮೆಯಿರುವ ಆಹಾರ ಪೊಟ್ಟಣದಲ್ಲಿ ಸಿಗುತ್ತದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥ ಆಹಾರ ತಿಂದ ಬೆಕ್ಕುಗಳು ಬದುಕಿದ ಮಧ್ಯಮ ಅವಧಿ 633 ದಿನ, ತಿನ್ನದವುಗಳದು 264. ಆದರೆ ಆ ತಿನ್ನದವು ಯಾವುವು? ಬೆಕ್ಕು ಒಪ್ಪದೆಯೋ ಯಜಮಾನರಿಗೆ ಒಗ್ಗದೆಯೋ ಹಳೆಯ ಊಟದಲ್ಲೇ ಉಳಿದವು. ಅಲ್ಲಿಯ ಬೆಕ್ಕುಗಳೂ ನಮ್ಮ ಪುಚ್ಚೆಯಂಥವೇ ಎಂದು ಓದಿ ಸಮಾಧಾನವಾಯಿತು. ಪುಚ್ಚೆ ಪೊಟ್ಟಣದ್ದನ್ನು ಮಣ್ಣು ಮುಚ್ಚುವಂತೆ ನೆಲ ಕೆರೆದು ಹೋಯಿತು. ಕೊನೆಗೆ ರಾಜಿ: ಉಪ್ಪಿಲ್ಲದೆ ಬೇಯಿಸಿದ ಕೋಳಿಮಾಂಸಕ್ಕೆ ಅದನ್ನು ಚೂರುಚೂರೇ ಬೆರೆಸುವುದು, ಮೇಲೆ ಬೆಚ್ಚನೆಯ ನೀರು. ಒಣಮೀನು ಬಂದ್. ಉಪವಾಸ ಬಿದ್ದ ಬೆಕ್ಕಿಗಿಂತ ಪಥ್ಯ ಮುರಿದ ಬೆಕ್ಕು ಮೇಲು ಎಂದು ಡಾಕ್ಟ್ರೂ ಕಣ್ಣುಮುಚ್ಚಿದರು.

ಜಪಾನಿನ ತೋರು ಮಿಯಾಝಾಕಿ ಎಂಬ ವಿಜ್ಞಾನಿ ಈ ಕಾಯಿಲೆಯ ಬೇರಿಗೇ ಕೈಹಾಕಿದ್ದಾರೆ. ಎಐಎಂ ಎಂಬ ಪ್ರೋಟೀನನ್ನು ಅವರು 1999ರಲ್ಲಿ ಗುರುತಿಸಿದರು. ಪೆಟ್ಟುಬಿದ್ದ ಕಿಡ್ನಿಯ ಕೊಳವೆಗಳಲ್ಲಿ ಕಸ ಕಟ್ಟಿಕೊಂಡರೆ ಗುಡಿಸಲು ನೆರವಾಗುವ ಪ್ರೋಟೀನು ಅದು. ಬೆಕ್ಕಿನಲ್ಲೂ ಅದು ಇದೆ, ಆದರೆ ರಕ್ತದಲ್ಲಿ ಇನ್ನೊಂದು ಪ್ರೋಟೀನಿಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆಯೆಂದರೆ ಬೇಕಾದಾಗ ಬಿಡಿಸಿಕೊಂಡು ಕೆಲಸಕ್ಕೆ ಇಳಿಯಲಾರದು ಎಂದು ಅವರ ತಂಡ 2016ರಲ್ಲಿ ತೋರಿಸಿತು. ಪೊರಕೆ ಮನೆಯಲ್ಲೇ ಇದೆ, ಮೊಳೆ ಹೊಡೆದು ಗೋಡೆಗೆ ಬಿಗಿದಿದೆ. ಕೊರೋನಾ ಕಾಲದಲ್ಲಿ ಅವರ ಸಂಶೋಧನೆಗೆ ಹಣ ನಿಂತ ಸುದ್ದಿ 2021ರಲ್ಲಿ ಹೊರಬಿದ್ದಾಗ ಜಪಾನಿನ ಬೆಕ್ಕುಪ್ರಿಯರು ಸಾವಿರಾರು ಮಂದಿ ಚಂದಾ ಕಳಿಸಿದರು. ಇದನ್ನು ಅತ್ತೆಗೆ ಹೇಳಿದೆ. ‘ಮದ್ದು ಬಂದರೆ ಇಲ್ಲಿಗೆ ಯಾವಾಗ ಮುಟ್ಟುವುದು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಲು ಕರೆಯಲು ಎದ್ದರು.

ಪುಚ್ಚೆ ಆಮೇಲೆ ಒಂದು ಮಳೆಗಾಲ ಪೂರ್ತಿ, ಮತ್ತೊಂದರ ಅರ್ಧ ಕಂಡಿತು. ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಅತ್ತೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಅದೇ ಚೌಕಗಳ ಕೆಳಗೆ ಪುಚ್ಚೆಯ ಲೆಕ್ಕ ಸೇರಿಕೊಂಡಿತ್ತು: ‘ನೀ 300’, ‘ನೀ 280’, ವಾಂತಿಯಾದ ದಿನ ಒಂದು ‘ವಾ’, ಬಾಟಲಿ ಏರಿಸಿದ ದಿನ ಒಂದು ಗೀಟು. ಮೊನ್ನೆ ಹೋದಾಗ ಹೊಸ ಕ್ಯಾಲೆಂಡರಿನ ಹಿಂದೆ ಹಳೆಯದೂ ಅದೇ ಮೊಳೆಯಲ್ಲಿ ನೇತಾಡುತ್ತಿತ್ತು. ಆಗಸ್ಟಿನ ಹಾಳೆ ತೆಗೆದೆ. ಹನ್ನೊಂದರವರೆಗೆ ಎರಡು ಸಾಲು. ಹನ್ನೆರಡರಿಂದ ಹಾಲಿನದು ಮಾತ್ರ.