ಬೀರುವಿನಲ್ಲಿರೋ ಬಾಂಡು, ಬರದೇ ಹೋದ ಐದು ಸಾವಿರ

ಮಗು ಹುಟ್ಟಿದ್ರೆ ಸರ್ಕಾರ ದುಡ್ಡು ಕೊಡುತ್ತಾ? ಈ ಪ್ರಶ್ನೆಗೆ ಚಾಮರಾಜಪೇಟೆಯಲ್ಲಿ ಒಂದು ಉತ್ತರ ಸಿಗುತ್ತೆ, ಮಲ್ಲೇಶ್ವರದಲ್ಲಿ ಇನ್ನೊಂದು. ಚಾಮರಾಜಪೇಟೆಯ ವಠಾರದಲ್ಲಿರೋ ತಾಯಿ, "ಕೊಡುತ್ತೆ ಸಾರ್, ಹೆಣ್ಣುಮಗು ಆದ್ರೆ ಒಂದು ಲಕ್ಷ, ಬಾಂಡು ಬೀರುನಲ್ಲಿದೆ" ಅಂತಾರೆ. ಮಲ್ಲೇಶ್ವರದಲ್ಲಿ ಪುಟ್ಟ ಶಾಲೆಯೊಂದರಲ್ಲಿ ಪಾಠ ಮಾಡೋ ತಾಯಿ, "ಅದೆಲ್ಲ ಬಿಪಿಎಲ್‌ನವರಿಗೆ, ನಮಗೆಲ್ಲಿ ಬರುತ್ತೆ" ಅಂತಾರೆ. ಇಬ್ಬರದ್ದೂ ಅರ್ಧ ಸರಿ, ಅರ್ಧ ತಪ್ಪು. ಆ ಅರ್ಧ ತಪ್ಪಿಗೆ ರೂಪಾಯಿ ಲೆಕ್ಕದಲ್ಲೇ ಬೆಲೆ ಕಟ್ಟಬಹುದು. ಇವತ್ತು ಆ ಲೆಕ್ಕ ಬಿಡಿಸೋಣ.

ಮೊದಲು ಬೀರುವಿನ ಬಾಂಡು. 2006-07ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ ಮತ್ತು ಹಣಕಾಸು ಸಚಿವ. ಆ ಸಮ್ಮಿಶ್ರ ಸರ್ಕಾರ ತಂದ ಯೋಜನೆ ಭಾಗ್ಯಲಕ್ಷ್ಮಿ. 2006ರ ಮಾರ್ಚ್ 31ರ ನಂತರ ಬಿಪಿಎಲ್ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ಎಲ್‌ಐಸಿಯಲ್ಲಿ ಹಣ ಇಡುತ್ತೆ, ಮಗುವಿಗೆ 18 ತುಂಬಿದ ಮೇಲೆ ಅದು ಬೆಳೆದು ಕೈಗೆ ಬರುತ್ತೆ. ಒಂದು ಮನೆಗೆ ಎರಡೇ ಹೆಣ್ಣುಮಕ್ಕಳು. ಜನನ ನೋಂದಣಿ ಆಗಿರಬೇಕು, ಲಸಿಕೆ ಹಾಕಿಸಿರಬೇಕು, ಎಂಟನೇ ಕ್ಲಾಸಿನವರೆಗಾದರೂ ಓದಿಸಿರಬೇಕು, ಕೂಲಿಗೆ ಕಳಿಸಿರಬಾರದು, 18ಕ್ಕೆ ಮೊದಲು ಮದುವೆ ಮಾಡಿರಬಾರದು. ಈ ಷರತ್ತುಗಳನ್ನ ಮಾತ್ರ ನಾನು ಮನಸಾರೆ ಒಪ್ತೀನಿ. ಹದಿನೈದಕ್ಕೇ ಗಂಡು ಹುಡುಕೋಕೆ ಹೊರಟ ಅಪ್ಪನ ಮುಂದೆ "ಬಾಂಡು ಹೋಗುತ್ತೆ" ಅಂತ ಹೇಳೋಕೆ ಆ ಮನೆಯ ತಾಯಿಗೆ ಒಂದು ಮಾತು ಸಿಕ್ತು. ಎಷ್ಟೋ ಸಲ ಉಪದೇಶಕ್ಕಿಂತ ಅಂಥ ಮಾತೇ ಕೆಲಸ ಮಾಡುತ್ತೆ.

ಆದರೆ ಆ "ಒಂದು ಲಕ್ಷ" ಎಲ್ಲರಿಗೂ ಇಲ್ಲ. ತುಂಬಾ ಜನ ಎಡವೋದು ಇಲ್ಲೇ. ಯೋಜನೆ ಶುರುವಾದಾಗ ಸರ್ಕಾರ ಇಟ್ಟಿದ್ದು ಮಗುವಿಗೆ 10,000 ರೂಪಾಯಿ. ಮನೆಯ ಮೊದಲ ಹೆಣ್ಣುಮಗುವಿಗೆ 18 ವರ್ಷಕ್ಕೆ ಅದು ಆಗೋದು 34,751 ರೂಪಾಯಿ. 2008ರ ಆಗಸ್ಟ್ 1ರಿಂದ ಠೇವಣಿ ಹೆಚ್ಚಿಸಿದ್ರು: ಮೊದಲ ಮಗುವಿಗೆ 19,300, ಎರಡನೇ ಮಗುವಿಗೆ 18,350. ಅವು ಬೆಳೆದು 1,00,097 ಮತ್ತು 1,00,052 ಆಗುತ್ತೆ. ಅಂದ್ರೆ 2008ರ ಜುಲೈನಲ್ಲಿ ಹುಟ್ಟಿದ ಹುಡುಗಿಗೂ ಆಗಸ್ಟ್‌ನಲ್ಲಿ ಹುಟ್ಟಿದ ಹುಡುಗಿಗೂ ವ್ಯತ್ಯಾಸ ಅರವತ್ತೈದು ಸಾವಿರ! ಅಕ್ಕಪಕ್ಕದ ಮನೆಯ, ಒಂದೇ ಅಂಗನವಾಡಿಯ ಮಕ್ಕಳು. ಮೊದಲ ತಂಡದ ಹುಡುಗಿಯರಿಗೆ 18 ತುಂಬೋಕೆ ಶುರುವಾಗಿದ್ದು 2024ರ ಏಪ್ರಿಲ್‌ನಲ್ಲಿ. ಲಕ್ಷದ ಬಾಂಡುಗಳ ಸರದಿ 2026ರ ಆಗಸ್ಟ್‌ನಿಂದ. ಹಾಗಾಗಿ ಪಕ್ಕದ ಮನೆಯವರನ್ನ ಕೇಳಿ ಕಾಲೇಜು ಫೀಸಿನ ಪ್ಲಾನ್ ಮಾಡಬೇಡಿ. ಬಾಂಡು ಹೊರಗೆ ತೆಗೆದು, ಅದರ ಮೇಲೆ ಅಚ್ಚಾಗಿರೋ ಮೊತ್ತ ಓದಿ.

ಎಂಜಿನಿಯರಿಂಗ್ ಓದಿದವನು, ಕ್ಯಾಲ್ಕುಲೇಟರ್ ಕೆಳಗಿಡೋದು ಕಷ್ಟ. 10,000 ರೂಪಾಯಿ 18 ವರ್ಷಕ್ಕೆ 34,751 ಆಗ್ಬೇಕಾದ್ರೆ ವರ್ಷಕ್ಕೆ ಚಕ್ರಬಡ್ಡಿ ಶೇಕಡಾ 7ರ ಆಸುಪಾಸು. 19,300 ಲಕ್ಷ ಆಗೋಕೆ ಶೇಕಡಾ 9.6ರ ಹತ್ತಿರ. ಬಡ್ಡಿ ದರ ಬಿಡಿ, ಬೇಜಾರಿನದ್ದೇನಲ್ಲ. ತೊಂದರೆ ಇರೋದು ಆ ಲಕ್ಷದಲ್ಲಿ. 2008ರಲ್ಲಿ ಹತ್ತು ಗ್ರಾಂ ಚಿನ್ನ ಹನ್ನೆರಡು ಹದಿಮೂರು ಸಾವಿರದ ಮಟ್ಟದಲ್ಲಿತ್ತು. ಅವತ್ತು "ನಿಮ್ಮ ಮಗಳಿಗೆ ಒಂದು ಲಕ್ಷ" ಅಂತ ಕೇಳಿಸಿಕೊಂಡ ತಾಯಿಗೆ ಅದು ಸುಮಾರು ಎಂಬತ್ತು ಗ್ರಾಂ ಚಿನ್ನದ ಮಾತಾಗಿತ್ತು. 2024ಕ್ಕೆ ಹತ್ತು ಗ್ರಾಂ ಎಪ್ಪತ್ತು ಸಾವಿರ ದಾಟಿತು, ಅದೇ ಲಕ್ಷಕ್ಕೆ ಹದಿನಾಲ್ಕು ಗ್ರಾಂ. ಬಾಂಡು ಹಾಗೇ ಇದೆ, ಮಾತು ಕರಗಿದೆ. ಬೆಲೆ ಏರಿಕೆಗೆ ತಕ್ಕಂತೆ ಮೊತ್ತ ಏರೋ ಒಂದು ಸಾಲನ್ನ ಅವತ್ತೇ ಯೋಜನೆಗೆ ಸೇರಿಸಬಹುದಿತ್ತು ಅನ್ನೋದು ನನ್ನ ತಕರಾರು.

2020-21ರಿಂದ ಈ ಯೋಜನೆಯ ರೂಪವೇ ಬದಲಾಯ್ತು. ಈಗ ಎಲ್‌ಐಸಿ ಬಾಂಡು ಇಲ್ಲ. ಅಂಚೆ ಕಚೇರಿಯಲ್ಲಿ ಮಗುವಿನ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದು, ಸರ್ಕಾರ ವರ್ಷಕ್ಕೆ 3,000ದಂತೆ 15 ವರ್ಷ, ಒಟ್ಟು 45,000 ಕಟ್ಟುತ್ತೆ. ಖಾತೆಗೆ 21 ವರ್ಷ ತುಂಬಿದಾಗ ಅಂದಾಜು 1.27 ಲಕ್ಷ ಅಂತ ಇಲಾಖೆ ಹೇಳುತ್ತೆ. ಅಂದಾಜು ಯಾಕೆ ಅಂದ್ರೆ ಸುಕನ್ಯಾ ಬಡ್ಡಿಯನ್ನ ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತೆ, ಏರಬಹುದು, ಇಳಿಯಬಹುದು. ಒಂದು ಎಚ್ಚರಿಕೆ: ಒಂದು ಮಗುವಿಗೆ ಒಂದೇ ಸುಕನ್ಯಾ ಖಾತೆ ಅನ್ನೋದು ನಿಯಮ. ಮಗಳು ಹುಟ್ಟಿದ ಖುಷಿಗೆ ನೀವೇ ಬ್ಯಾಂಕಿಗೆ ಓಡಿ ಖಾತೆ ತೆರೆಯೋ ಮುಂಚೆ, ಬಿಪಿಎಲ್ ಕಾರ್ಡ್ ಇದ್ರೆ, ಅಂಗನವಾಡಿ ಟೀಚರ್ ಹತ್ರ ಒಂದು ಮಾತು ಕೇಳಿ.

ಸರಿ, ಮಲ್ಲೇಶ್ವರದ ಟೀಚರಮ್ಮನ ಕಡೆ ಬರೋಣ. ಅವರಿಗೆ ಭಾಗ್ಯಲಕ್ಷ್ಮಿ ಇಲ್ಲ, ನಿಜ. ಆದರೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಅಂತೊಂದಿದೆ. 2017ರಲ್ಲಿ ಶುರುವಾಗಿದ್ದು, 2022ರ ಏಪ್ರಿಲ್‌ನಿಂದ ನಿಯಮ ಬದಲಾಗಿದೆ. ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತಲ್ಲಿ. ಗರ್ಭಿಣಿ ಅಂತ ಹೆಸರು ಬರೆಸಿ ಒಂದು ತಪಾಸಣೆ ಆದ ಮೇಲೆ 3,000. ಮಗುವಿನ ಜನನ ನೋಂದಣಿಯಾಗಿ, ಹದಿನಾಲ್ಕು ವಾರದ ತನಕದ ಲಸಿಕೆ ಮುಗಿದ ಮೇಲೆ 2,000. ಎರಡನೆಯದು ಹೆಣ್ಣುಮಗುವಾದ್ರೆ ಒಂದೇ ಸಲ 6,000. ಯಾರಿಗೆ? ಬಿಪಿಎಲ್ ಕಾರ್ಡ್, ಇ-ಶ್ರಮ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ. ಜೊತೆಗೆ, ಇದನ್ನ ಗಮನಿಸಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರೋರಿಗೆ! ಗಾಂಧಿ ಬಜಾರಿನ ಅಂಗಡಿಯಲ್ಲಿ ಲೆಕ್ಕ ಬರೆಯೋರು, ಸಣ್ಣ ಶಾಲೆಯ ಮೇಡಂ, ಟ್ಯಾಕ್ಸಿ ಓಡಿಸೋರ ಹೆಂಡತಿ, ಇವರಲ್ಲಿ ಎಷ್ಟೋ ಜನ ಇದರೊಳಗೇ ಬರ್ತಾರೆ. ಸರ್ಕಾರಿ ನೌಕರರಿಗೆ, ಕಂಪನಿಯಿಂದ ಸಂಬಳ ಸಮೇತ ಹೆರಿಗೆ ರಜೆ ಸಿಗೋರಿಗೆ ಇದಿಲ್ಲ. ಮಗು ಹುಟ್ಟಿ 270 ದಿನದೊಳಗೆ ಅರ್ಜಿ ಹೋಗಿರಬೇಕು. ಬಾಣಂತನಕ್ಕೆ ತವರಿಗೆ ಹೋಗಿ, ಆಮೇಲೆ ಅನ್ನಪ್ರಾಶನ, ಆಮೇಲೆ ಕೆಲಸ ಅಂತ ನೋಡ್ತಾ ನೋಡ್ತಾ ಆ ಒಂಬತ್ತು ತಿಂಗಳು ಸರಿದುಹೋಗುತ್ತೆ.

ಐದು ಸಾವಿರ ದೊಡ್ಡ ಮೊತ್ತವೇ ಅಂತ ಕೇಳಬಹುದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಅದು ಐದೇ ಯಾಕೆ? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ನಾಲ್ಕನೇ ಸೆಕ್ಷನ್ ಹೇಳೋದು, ಹೆರಿಗೆ ನೆರವು 6,000ಕ್ಕಿಂತ ಕಡಿಮೆ ಇರಬಾರದು ಅಂತ. ಉಳಿದದ್ದು ಜನನಿ ಸುರಕ್ಷಾ ಯೋಜನೆಯಿಂದ ಬರುತ್ತೆ ಅನ್ನೋದು ಕೇಂದ್ರದ ಉತ್ತರ. ಬೆಂಗಳೂರಿನಂಥ ನಗರದಲ್ಲಿ, ವಾಣಿವಿಲಾಸದಲ್ಲೋ ಕೆ.ಸಿ. ಜನರಲ್‌ನಲ್ಲೋ ಹೆರಿಗೆಯಾದ ಬಿಪಿಎಲ್ ತಾಯಿಗೆ ಜನನಿ ಸುರಕ್ಷಾ ಕೊಡೋದು 600. ಕೂಡಿಸಿ ನೋಡಿ, 5,600. ಕಾನೂನು ಹೇಳಿದ ಆರು ಸಾವಿರಕ್ಕೆ ಇನ್ನೂ ನಾನೂರು ಕಡಿಮೆ.

ಅರ್ಜಿ ಹಾಕಿದೀವಿ, ಮಂಜೂರಾಗಿದೆ ಅಂತಾರೆ, ದುಡ್ಡು ಮಾತ್ರ ಬಂದಿಲ್ಲ. ಈ ದೂರು ಗೃಹಲಕ್ಷ್ಮಿ ಶುರುವಾದಾಗಿನಿಂದ ಮನೆಮನೆಯ ಮಾತು. ಇದರ ಹಿಂದಿನ ಯಂತ್ರ ಹೇಗೆ ತಿರುಗುತ್ತೆ ಅಂತ ಅರ್ಥ ಮಾಡ್ಕೊಂಡ್ರೆ ಅರ್ಧ ಓಡಾಟ ತಪ್ಪುತ್ತೆ. ನೀವು ಅರ್ಜಿಯಲ್ಲಿ ಪಾಸ್‌ಬುಕ್ ನಂಬರ್ ಬರೆದು ಜೆರಾಕ್ಸ್ ಲಗತ್ತಿಸಿರ್ತೀರಿ. ಆದರೆ ಆಧಾರ್ ಮೂಲಕ ಹೋಗೋ ಹಣ ಆ ನಂಬರ್ ನೋಡೋದೇ ಇಲ್ಲ. ಎನ್‌ಪಿಸಿಐ ಅನ್ನೋ ಸಂಸ್ಥೆಯ ಹತ್ರ ಒಂದು ಪಟ್ಟಿ ಇದೆ: ಈ ಆಧಾರ್‌ಗೆ ಈ ಬ್ಯಾಂಕ್. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್, ಅದೂ ಕೊನೆಯದಾಗಿ ಸೇರಿಸಿದ್ದು. ಮದುವೆಗೆ ಮುಂಚೆ ತುಮಕೂರಲ್ಲಿ ತೆರೆದು ಮರೆತ ಖಾತೆಯೇ ಪಟ್ಟಿಯಲ್ಲಿದ್ರೆ ಹಣ ಅಲ್ಲಿಗೇ ಹೋಗುತ್ತೆ. ಆ ಖಾತೆ ಮುಚ್ಚಿದ್ರೆ ವಾಪಸ್ ಹೋಗುತ್ತೆ. ಬ್ಯಾಂಕಿನವರು "ಆಧಾರ್ ಲಿಂಕ್ ಆಗಿದೆಯಮ್ಮ" ಅಂದಿದ್ದು ಸುಳ್ಳಲ್ಲ. ಅವರ ಪುಸ್ತಕದಲ್ಲಿ ಲಿಂಕ್ ಆಗಿದೆ, ಎನ್‌ಪಿಸಿಐ ಪಟ್ಟಿಯಲ್ಲಿ ಆಗಿಲ್ಲ. ಹಾಗಾಗಿ ಕೌಂಟರ್‌ನಲ್ಲಿ ಕೇಳಬೇಕಾದ ಪ್ರಶ್ನೆ ಇದು: "ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೇ ಇದೆಯಾ?" ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿದ್ರೂ ಬ್ಯಾಂಕಿನ ಹೆಸರು ಕಾಣುತ್ತೆ.

ಇನ್ನೊಂದು ಶತ್ರು ಹೆಸರು. ಜನನ ಪತ್ರದಲ್ಲಿ ಬರೀ ತಾಯಿಯ ಹೆಸರು ಹಾಕಿ "ಬೇಬಿ ಆಫ್", ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಮುಂದೆ. ಕನ್ನಡದಲ್ಲಿ ಲಕ್ಷ್ಮಿ ಒಬ್ಬಳೇ. ಇಂಗ್ಲಿಷಿನಲ್ಲಿ ಒಂದು ಕಡೆ ಕೆಎಸ್‌ಎಚ್, ಇನ್ನೊಂದು ಕಡೆ ಎಕ್ಸ್. ಕಂಪ್ಯೂಟರಿಗೆ ಇಬ್ಬರು ಹುಡುಗಿಯರು! ಬಾಂಡಿನ ಹಣಕ್ಕೆ ಮೂಲ ಬಾಂಡು, ಜನನ ಪತ್ರ, ಆಧಾರ್, ಓದಿದ ದಾಖಲೆ, ಮಗಳ ಸ್ವಂತ ಹೆಸರಿನ ಬ್ಯಾಂಕ್ ಖಾತೆ ಬೇಕು. ಇವೆಲ್ಲವನ್ನೂ ಹದಿನೇಳರಲ್ಲೇ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಬಾಡಿಗೆ ಏರಿ ಚಾಮರಾಜಪೇಟೆ ಬಿಟ್ಟು ಕೆಂಗೇರಿ ಆಚೆ ಹೋದವರು ಎಷ್ಟೋ ಮಂದಿ. ಅವರು ಮೊದಲು ವಿಚಾರಿಸಬೇಕಾದ್ದು ಮಗಳ ಹೆಸರು ಬರೆಸಿದ ಹಳೇ ಅಂಗನವಾಡಿ ಯಾವ ಸಿಡಿಪಿಒ ಕಚೇರಿಗೆ ಸೇರುತ್ತೆ ಅಂತ.

ಬಸವನಗುಡಿಯಲ್ಲಿ ಮಗನೋ ಮಗಳೋ ಜರ್ಮನಿಯಲ್ಲಿರೋ ಮನೆಗಳಿಗೆ ಕಿಂಡರ್‌ಗೆಲ್ಡ್ ಅನ್ನೋ ಪದ ಹೊಸದಲ್ಲ. 2025ರಲ್ಲಿ ಅದು ಮಗುವೊಂದಕ್ಕೆ ತಿಂಗಳಿಗೆ 255 ಯೂರೋ. ಬ್ರಿಟನ್ನಿನಲ್ಲಿ 1945ರಲ್ಲೇ ಕಾಯ್ದೆ ಬಂತು. ಹಣ ಅಪ್ಪನ ಕೈಗೆ ಹೋಗಬೇಕಿತ್ತು, ಎಲೀನರ್ ರಾತ್‌ಬೋನ್ ಅನ್ನೋ ಸಂಸದೆ ಹಟ ಹಿಡಿದು ತಾಯಿಯ ಕೈಗೆ ತಿರುಗಿಸಿದ್ರು. ನಮ್ಮಲ್ಲಿ ಹೆಚ್ಚಿನ ಹಣ ಹುಟ್ಟಿದಾಗ ಸ್ವಲ್ಪ, 18ಕ್ಕೋ 21ಕ್ಕೋ ಸ್ವಲ್ಪ. ಹಾಲು, ಪುಸ್ತಕ, ಜ್ವರದ ಔಷಧ ಬೇಕಾಗೋದು ಈ ಎರಡರ ನಡುವೆ. ಗೃಹಲಕ್ಷ್ಮಿಯ 2,000 ಆ ಖಾಲಿ ಜಾಗವನ್ನ ಸ್ವಲ್ಪ ತುಂಬಿದೆ, ಆದರೆ ಒಂದು ಮಗುವಿದ್ರೂ ಮೂರಿದ್ರೂ ಅದು ಅಷ್ಟೇ.

ಮಗುವಿನ ಲೆಕ್ಕದಲ್ಲೇ ತಿಂಗಳು ತಿಂಗಳು ಬರೋ ಒಂದು ನೆರವು ನಮ್ಮಲ್ಲೂ ಇದೆ, ಅದರ ಹೆಸರು ಕೇಳಿದವರೇ ಕಡಿಮೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ: ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಗಂಡ ತೀರಿಕೊಂಡ, ವಿಚ್ಛೇದನವಾದ, ಮನೆಯವರು ಕೈಬಿಟ್ಟ ತಾಯಂದಿರ ಮಕ್ಕಳು, ಅಪ್ಪ ಅಮ್ಮ ಇಲ್ಲದೆ ಅಜ್ಜಿ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಬೆಳೀತಿರೋ ಮಕ್ಕಳು, ಅಪ್ಪ ಅಥವಾ ಅಮ್ಮ ಮಾರಣಾಂತಿಕ ಕಾಯಿಲೆಯಲ್ಲಿರೋ ಮಕ್ಕಳು ಇದಕ್ಕೆ ಅರ್ಹರು. ನಗರದಲ್ಲಿ ಕುಟುಂಬದ ಆದಾಯ ವರ್ಷಕ್ಕೆ 96,000 ಮೀರಬಾರದು. ಅಂದ್ರೆ ತಿಂಗಳಿಗೆ ಎಂಟು ಸಾವಿರ. ಬಸವನಗುಡಿಯ ಎರಡು ಮೂರು ಮನೆಗಳಲ್ಲಿ ಪಾತ್ರೆ ತೊಳೆದು ಅಷ್ಟು ದುಡಿಯೋ ಒಂಟಿ ತಾಯಿಗೆ ಇದು ಸಂಬಳದ ಅರ್ಧ. ನಿಮ್ಮ ಮನೆಗೇ ಕೆಲಸಕ್ಕೆ ಬರೋ ಅಕ್ಕನಿಗೆ ಈ ವಿಷಯ ಗೊತ್ತಿದೆಯಾ, ಇವತ್ತೇ ಕೇಳಿ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಕಚೇರಿ ಎಲ್ಲಿದೆ ಅಂತ ಹುಡುಕಿಕೊಂಡು ಒಂದು ದಿನದ ಕೂಲಿ ಕಳ್ಕೊಳ್ಳೋದು ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, "ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಬೇಕು" ಅಂತ ಅದೇ ಪದದಲ್ಲಿ ಹೇಳೋಕೆ ತಿಳಿಸಿ.