ಮಾವನಿಗೆ ಮೂಲಂಗಿ

ಧೊಪ್! ಬಿದ್ದಳು. ಎದ್ದಳು. ಎರಡೂ ಕೈ ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿ, ಕಾಲು ಅಗಲಿಸಿ ನಾಲ್ಕು ಹೆಜ್ಜೆ ಇಟ್ಟಳು. ಮತ್ತೆ ಧೊಪ್! ಮೈಸೂರಿನ ನಮ್ಮ ಹಳೇ ಮನೆಯ ಕೆಂಪು ಗಾರೆ ನೆಲದ ಮೇಲೆ ಕೂತು, ತಂಗಿಯ ಹದಿನಾಲ್ಕು ತಿಂಗಳು ತುಂಬಿದ ಮಗಳು ಪುಟ್ಟಿಯನ್ನು ಒಂದು ಗಂಟೆ ನೋಡಿದೆ. ಕೈಯಲ್ಲಿ ಪೆನ್ಸಿಲ್ಲು, ಹಳೇ ಕ್ಯಾಲೆಂಡರಿನ ಹಾಳೆ. ಬಿದ್ದಾಗಲೆಲ್ಲ ಒಂದು ಗೀಟು. ಗಂಟೆ ಕಳೆಯುವಷ್ಟರಲ್ಲಿ ಹತ್ತೊಂಬತ್ತು ಗೀಟು! ಅತ್ತಿದ್ದು ಮಾತ್ರ ಒಂದೇ ಸಲ, ಅದೂ ಅಡುಗೆಮನೆಯಿಂದ ಅಜ್ಜಿ "ಅಯ್ಯೋ ಕಂದಾ" ಅಂದಮೇಲೆ.

"ಇಷ್ಟೊಂದು ಬೀಳ್ತಾಳಲ್ಲ ಅಣ್ಣಾ" ಎಂದು ತಂಗಿಗೆ ದಿಗಿಲು. ಆದರೆ ನನಗೆ ಆ ಗೀಟುಗಳ ಹಾಳೆಯನ್ನು ಚೌಕಟ್ಟು ಹಾಕಿಸಿ ಇಡಬೇಕು ಅನ್ನಿಸಿತು. ಯಾಕೆ ಗೊತ್ತೇ? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಅವರ ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ಆಡುವುದನ್ನು ವಿಡಿಯೊ ಮಾಡಿ, ಹೆಜ್ಜೆ ಹೆಜ್ಜೆಯನ್ನೂ ಎಣಿಸಿ 2012ರಲ್ಲಿ ಲೆಕ್ಕ ಮುಂದಿಟ್ಟರು. ಗಂಟೆಗೆ ಸರಾಸರಿ 2,368 ಹೆಜ್ಜೆ, 701 ಮೀಟರ್ ದೂರ, 17 ಸಲ ಬೀಳುವುದು! ದಿನಕ್ಕೆ ಆರು ಗಂಟೆ ಹೀಗೆ ಓಡಾಡಿದರೆ ನಾಲ್ಕು ಕಿಲೋಮೀಟರ್ ದಾಟಿತು, ನೂರು ಸಲ ನೆಲ ಮುಟ್ಟಿದ್ದಾಯಿತು. ನಾಳೆ ಬೆಳಿಗ್ಗೆ ಎದ್ದು ಮತ್ತೆ ಅಷ್ಟೇ. ನಮ್ಮಲ್ಲಿ ಯಾರು ಯಾವ ವಿದ್ಯೆಯನ್ನು ಹೀಗೆ ಕಲಿತಿದ್ದೇವೆ?

ಅಂಬೆಗಾಲಿನಲ್ಲಿ ಮಗು ಆಗಲೇ ಪಳಗಿರುತ್ತದೆ, ಸರ್ರನೆ ಹೋಗಬಲ್ಲದು. ಅದನ್ನು ಬಿಟ್ಟು ಈ ತೂರಾಡುವ ಎರಡು ಕಾಲಿನ ಮೇಲೆ ಯಾಕೆ ಏಳಬೇಕು? ಅಡಾಲ್ಫ್ ಲೆಕ್ಕದಲ್ಲಿ ಅದಕ್ಕೂ ಉತ್ತರವಿದೆ. ಹೊಸದಾಗಿ ನಡೆಯುವ ಮಗು ಹೆಚ್ಚು ದೂರ ಹೋಗುತ್ತದೆ, ಬೇಗ ಹೋಗುತ್ತದೆ. ಹೋದ ದೂರಕ್ಕೆ ಹೋಲಿಸಿದರೆ, ಪಳಗಿದ ಅಂಬೆಗಾಲಿನ ಮಗುವಿಗಿಂತ ಹೆಚ್ಚೇನೂ ಬೀಳುವುದಿಲ್ಲ. ಬೀಳುವ ಭಯ ನಮ್ಮದು. ಮಗುವಿಗೆ ಕಾಣುವುದು ಆಚೆ ಗೋಡೆಯ ಹತ್ತಿರ ಬಿದ್ದಿರುವ ಚಪ್ಪಲಿ.

ಇನ್ನೊಂದು ಸಂಗತಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಂಬೆಗಾಲಿಡುವ ಮಕ್ಕಳನ್ನು ಇಳಿಜಾರಿನ ಅಂಚಿಗೆ ಬಿಟ್ಟು ನೋಡಿದರು ಅಡಾಲ್ಫ್. ಹಲವು ವಾರ ಅಂಬೆಗಾಲಿಟ್ಟ ಮೇಲೆ ಮಕ್ಕಳು ಜಾಣರಾಗುತ್ತಾರೆ. ಕಡಿದಾಗಿದ್ದರೆ ಅಂಚಿನಲ್ಲೇ ನಿಂತುಬಿಡುತ್ತಾರೆ, ಇಲ್ಲವೇ ಬೇರೆ ರೀತಿಯಲ್ಲಿ ಜಾರಿಕೊಂಡು ಇಳಿಯುತ್ತಾರೆ. ಅದೇ ಮಕ್ಕಳು ಎದ್ದು ನಡೆಯತೊಡಗಿದಾಗ? ಕಲಿತದ್ದೆಲ್ಲ ಕೈಕೊಟ್ಟಿತು! ಅದೇ ಇಳಿಜಾರಿನಲ್ಲಿ ನೇರವಾಗಿ ನುಗ್ಗಿದರು. (ಹಿಡಿಯುವವರು ಪಕ್ಕದಲ್ಲೇ ಇದ್ದರು.) ನಾಲ್ಕು ಕಾಲಿನ ಮೈ ಕಲಿತ ಪಾಠ ಎರಡು ಕಾಲಿನ ಮೈಗೆ ದಾಟಲಿಲ್ಲ. ಅಂದರೆ ಎದ್ದು ನಿಂತ ಮಗುವಿಗೆ ನಮ್ಮ ಮನೆಯ ಹೊಸ್ತಿಲು, ಮೋರಿ, ಜಗಲಿ ಎಲ್ಲವೂ ಮತ್ತೆ ಹೊಸವು!

ಎಷ್ಟು ತಿಂಗಳಿಗೆ ನಡೆಯಬೇಕು ಎಂದು ಪಕ್ಕದ ಮನೆಯ ಮಗುವನ್ನು ನೋಡಿ ಕೊರಗುವ ತಾಯಂದಿರು ಎಷ್ಟೋ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕದ ಮಕ್ಕಳನ್ನು ಗಮನಿಸಿ 2006ರಲ್ಲಿ ಹೇಳಿದ್ದು: ಒಬ್ಬರ ಆಸರೆಯಿಲ್ಲದೆ ನಡೆಯುವ ಸಹಜ ಕಾಲ 8.2 ತಿಂಗಳಿಂದ 17.6 ತಿಂಗಳವರೆಗೆ. ಒಂಬತ್ತು ತಿಂಗಳಿಗಿಂತ ಹೆಚ್ಚಿನ ಅಂತರ! ಹದಿನೆಂಟು ತಿಂಗಳು ತುಂಬಿದರೂ ನಡೆಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಅಲ್ಲಿಯವರೆಗೆ ನೆರೆಮನೆಯ ಲೆಕ್ಕ ನೆರೆಮನೆಗೇ ಇರಲಿ.

ಕಾಲಿನ ಕಥೆ ಕಣ್ಣಿಗೆ ಕಾಣುತ್ತದೆ. ಒಳಗೆ ನಡೆಯುವುದು ಇದಕ್ಕಿಂತ ದೊಡ್ಡದು.

1997ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬರ್ಕ್ಲಿಯ ಮನೋವಿಜ್ಞಾನಿಗಳಾದ ಬೆಟ್ಟಿ ರೆಪಾಚೋಲಿ ಮತ್ತು ಆಲಿಸನ್ ಗಾಪ್ನಿಕ್ ಮಕ್ಕಳ ಮುಂದೆ ಎರಡು ಬಟ್ಟಲು ಇಟ್ಟರು. ಒಂದರಲ್ಲಿ ಹಸಿ ಬ್ರಾಕೊಲಿ, ಇನ್ನೊಂದರಲ್ಲಿ ಮೀನಿನಾಕಾರದ ಬಿಸ್ಕತ್ತು. ಮಕ್ಕಳಿಗೆ ಬಿಸ್ಕತ್ತೇ ಇಷ್ಟ, ಕೇಳಬೇಕೆ! ಆದರೆ ಎದುರು ಕೂತ ದೊಡ್ಡವರು ಬಿಸ್ಕತ್ತು ತಿಂದು ಮುಖ ಕಿವುಚಿದರು, ಬ್ರಾಕೊಲಿ ತಿಂದು ಆಹಾ ಎಂದರು. ಆಮೇಲೆ ಮಗುವಿನ ಮುಂದೆ ಕೈಚಾಚಿ "ನನಗೆ ಕೊಡು" ಎಂದರು. ಹದಿನಾಲ್ಕು ತಿಂಗಳ ಮಕ್ಕಳು ಬಿಸ್ಕತ್ತು ಕೊಟ್ಟವು, ತಮಗೆ ರುಚಿಯಾದದ್ದು ಎಲ್ಲರಿಗೂ ರುಚಿ ಎಂಬಂತೆ. ಹದಿನೆಂಟು ತಿಂಗಳ ಮಕ್ಕಳೋ, ಬ್ರಾಕೊಲಿ ಕೊಟ್ಟವು!

ನಮ್ಮ ಪುಟ್ಟಿಗೆ ಬ್ರಾಕೊಲಿ ಗೊತ್ತಿಲ್ಲ. ಮೂಲಂಗಿ ಗೊತ್ತು, ಕಂಡರಾಗದು. ಹದಿನಾಲ್ಕು ತಿಂಗಳಲ್ಲಿ ನಾನು ಮೂಲಂಗಿ ಕಡಿದು ಕಣ್ಣರಳಿಸಿದೆ, ಬಿಸ್ಕತ್ತಿಗೆ ಥೂ ಎಂದೆ, ಕೈಚಾಚಿದೆ. ಜೊಲ್ಲಿನಲ್ಲಿ ನೆನೆದ ಬಿಸ್ಕತ್ತನ್ನು ಪ್ರೀತಿಯಿಂದ ನನ್ನ ಅಂಗೈಗೆ ಒತ್ತಿದಳು. ಹತ್ತೊಂಬತ್ತನೆಯ ತಿಂಗಳಲ್ಲಿ ಅದೇ ತಟ್ಟೆ, ಅದೇ ನಾಟಕ. ಪುಟ್ಟಿ ತಟ್ಟೆ ನೋಡಿದಳು. ನನ್ನ ಮುಖ ನೋಡಿದಳು. ಬೆರಳು ಬಿಸ್ಕತ್ತಿನ ಮೇಲೆ ಒಂದು ಕ್ಷಣ ನಿಂತು ಮುಂದೆ ಸರಿಯಿತು. ಮೂಲಂಗಿಯ ಬಿಲ್ಲೆಯನ್ನು ಎರಡೇ ಬೆರಳಿನಲ್ಲಿ ಎತ್ತಿ, ತನ್ನ ಮೂಗು ಸುಕ್ಕುಗಟ್ಟಿಸಿಕೊಂಡೇ "ಮಾವ, ತೊಕೋ" ಎಂದಳು. ನನ್ನ ಕಣ್ಣು ತುಂಬಿ ಬಂತು. ನನಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಿರಬಹುದು! ಎಷ್ಟೋ ಜಗಳಗಳಲ್ಲಿ ನಾವು ಮರೆಯುವ ಈ ಮಾತನ್ನು, "ಹಕ್ಕಿ" ಅನ್ನಲು ಬಾರದೆ "ಅಕ್ಕಿ" ಅನ್ನುವ ಬಾಯಿಯ ಮಗು ಕಂಡುಕೊಂಡಿತ್ತು.

ಕಂಡುಕೊಂಡು ಸುಮ್ಮನಿರುವುದೂ ಇಲ್ಲ. ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನಿಕನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ತೋರಿಸಿದ್ದು ಇದನ್ನೇ. ಬಟ್ಟೆ ಒಣಗಹಾಕುವಾಗ ಕ್ಲಿಪ್ಪು ಕೈಜಾರಿ ಬಿದ್ದು, ಎಟುಕದೆ ಒದ್ದಾಡಿದರೆ, ಹದಿನೆಂಟು ತಿಂಗಳ ಮಕ್ಕಳು ಎದ್ದು ಬಂದು ಎತ್ತಿಕೊಟ್ಟರು. ಬಹುಮಾನವಿಲ್ಲ, ಶಭಾಸ್ ಇಲ್ಲ. ಬೇಕೆಂದೇ ಎಸೆದಾಗ ಮಾತ್ರ ಹಾಗೆ ಎತ್ತಿಕೊಡಲಿಲ್ಲ. ಕೈಜಾರಿದ್ದು ಯಾವುದು, ಎಸೆದದ್ದು ಯಾವುದು ಎಂದು ಆ ಕಣ್ಣುಗಳು ಬಿಡಿಸಿ ನೋಡುತ್ತವೆ! ನಮ್ಮ ಹಿತ್ತಿಲಲ್ಲಿ ಅಜ್ಜಿ ಬಟ್ಟೆ ಹರವುವಾಗ ಪುಟ್ಟಿ ಬಕೆಟ್ಟಿನ ಪಕ್ಕ ನಿಂತು ಒಂದೊಂದೇ ಕ್ಲಿಪ್ಪು ಎತ್ತಿಕೊಡುವುದನ್ನು ನಾನು ಆಟವೆಂದೇ ತಿಳಿದಿದ್ದೆ.

ಕೊನೆಗೆ ಕನ್ನಡಿ. 1972ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಎಂಬ ವಿಜ್ಞಾನಿ ಮಕ್ಕಳಿಗೆ ಗೊತ್ತಾಗದಂತೆ ಮೂಗಿಗೆ ಕೆಂಪು ಹಚ್ಚಿ ಕನ್ನಡಿಯ ಮುಂದೆ ಬಿಟ್ಟರು. ಚಿಕ್ಕವರು ಕನ್ನಡಿಯೊಳಗಿನ ಮಗುವಿನ ಜೊತೆ ಆಟಕ್ಕಿಳಿದರು. 20ರಿಂದ 24 ತಿಂಗಳಿನವರಲ್ಲಿ ಹೆಚ್ಚಿನವರು ಅದು ತಾವೇ ಎಂದು ಗುರುತಿಸಿದರು. ಇದನ್ನು ಓದಿದಾಗ ನಮ್ಮ ಅಜ್ಜಿಯರ ಕಾಡಿಗೆ ಡಬ್ಬಿ ನೆನಪಾಗದಿದ್ದೀತೆ? ಪುಟ್ಟಿಯ ದೃಷ್ಟಿಬೊಟ್ಟು ಯಾವಾಗಲೂ ಎಡಗೆನ್ನೆಗೆ. ಇಪ್ಪತ್ತೆರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಅವಳು ಮಲಗಿದ್ದಾಗ ನನ್ನ ಮಾತಿಗೆ ಅಜ್ಜಿ ಅದನ್ನು ಮೂಗಿನ ತುದಿಗೆ ಇಟ್ಟರು.

ಎದ್ದಳು. ಕಣ್ಣುಜ್ಜುತ್ತ ಬೀರುವಿನ ಕನ್ನಡಿಯ ಮುಂದೆ ಹೋದಳು. ನಿಂತಳು. ನಾನು ಉಸಿರು ಬಿಗಿಹಿಡಿದಿದ್ದೆ. ಕೈ ಕನ್ನಡಿಯತ್ತ ಹೋಗಲಿಲ್ಲ, ನೆಟ್ಟಗೆ ತನ್ನ ಮೂಗಿಗೇ ಹೋಯಿತು! ಉಜ್ಜಿದಳು. ಕಪ್ಪಾದ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಂದು ನನ್ನ ಮಂಡಿ ಹಿಡಿದು, ತುದಿಗಾಲಲ್ಲಿ ನಿಂತು, ಆ ಬೆರಳನ್ನು ನನ್ನ ಮೂಗಿಗೆ ಒತ್ತಿದಳು. "ಮಾವಂಗೆ" ಎಂದಳು.